ಬಟ್ಟಲು ಕುಟ್ಟುವವಳ ಕಿವಿಯಂತ್ರ

ನನಗೆ ಕಿವಿ ಮಂದವಾಗಿದೆ ಎಂದು ಮೊದಲು ಹೇಳಿದವಳು ನನ್ನ ಸೊಸೆ. ಆ ಒಂದೇ ಕಾರಣಕ್ಕೆ ನಾನು ಎರಡು ವರ್ಷ ಅದನ್ನು ನಂಬಲಿಲ್ಲ. ಅತ್ತೆಯ ಕಿವಿ ಕೆಟ್ಟರೆ ಯಾರಿಗೆ ಅನುಕೂಲ ಎಂದು ಯೋಚಿಸಿದರೆ ಉತ್ತರ ಮನೆಯೊಳಗೇ ಸಿಗುತ್ತಿತ್ತು. ಅವಳು ಮೊದಲಿಗಿಂತ ಮೆಲ್ಲಗೆ ಮಾತಾಡುತ್ತಿದ್ದಾಳೆ, ಅದೂ ಬೇಕೆಂದೇ, ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮಗನೂ ಮೆಲ್ಲಗೆ ಮಾತಾಡತೊಡಗಿದಾಗ ಅವನಿಗೂ ಹೇಳಿಕೊಟ್ಟಿದ್ದಾಳೆ ಎಂದುಕೊಂಡೆ. ಟಿವಿಯಲ್ಲಿ ಸುದ್ದಿ ಓದುವವಳೂ ಬಾಯೊಳಗೇ ಗೊಣಗಲು ಶುರು ಮಾಡಿದಾಗ ಮಾತ್ರ ಸ್ವಲ್ಪ ಯೋಚನೆಗಿಟ್ಟುಕೊಂಡಿತು. ಅವಳಿಗೂ ನನ್ನ ಸೊಸೆಗೂ ಪರಿಚಯ ಇರಲಿಕ್ಕಿಲ್ಲ.

ನನ್ನ ಕೆಲಸವೇ ಕೇಳುವುದು. ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಬಟ್ಟಲು ಕುಟ್ಟುತ್ತಿದ್ದೇನೆ. ಭಟ್ಟಿಯಿಂದ ಇಳಿದ ಬಟ್ಟಲುಗಳು ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಬರುತ್ತವೆ. ಎಡಗೈಯ ಮೂರು ಬೆರಳ ತುದಿಯಲ್ಲಿ ಒಂದನ್ನು ಕೂರಿಸಿಕೊಂಡು, ಬಲಗೈಯ ಗೇಣುದ್ದದ ಮರದ ಕಡ್ಡಿಯಿಂದ ಅಂಚಿಗೆ ಸಣ್ಣ ಏಟು ಕೊಡಬೇಕು. ಗಟ್ಟಿ ಬಟ್ಟಲು ಠಣ್ ಎಂದು ಎಳೆದು ಹಾಡುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಠಪ್ ಎಂದು ಸದ್ದು ಅಲ್ಲೇ ಸಾಯುತ್ತದೆ. ಆ ಬಿರುಕು ಹೊಳಪಿನ ಲೇಪದ ಕೆಳಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಕುದಿಯುವ ಸೂಪು ಬಿದ್ದಾಗಲೇ ಅದು ಬಾಯಿ ಬಿಡುವುದು. ಠಣ್ ಎಂದದ್ದರ ಬುಡಕ್ಕೆ ಮೊಹರು ಒತ್ತಿ ಪಕ್ಕದ ಮೇಜಿಗೆ ತಳ್ಳುತ್ತೇನೆ, ಠಪ್ ಎಂದದ್ದನ್ನು ಹಿಂದಿನ ತೊಟ್ಟಿಗೆ ಹಾಕುತ್ತೇನೆ. ನನ್ನ ಮೊಹರಿನಲ್ಲಿ ಮೂರು ಎಂಬ ಅಂಕಿ ಇದೆ. ಒಂದು, ಎರಡರ ಮೊಹರಿನವರು ಆಚೆ ಶೆಡ್ಡಿನಲ್ಲಿದ್ದಾರೆ. ಈ ಶೆಡ್ಡಿಗೆ ನಾನೊಬ್ಬಳೇ ಕಿವಿ.

ಪಕ್ಕದ ಮೇಜಿನಲ್ಲಿ ಪ್ಯಾಕಿಂಗಿನವಳು ಕೂರುತ್ತಾಳೆ. ನಾನು ಪಾಸು ಮಾಡಿದ ಬಟ್ಟಲುಗಳನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕಿಳಿಸುವುದು ಅವಳ ಕೆಲಸ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಹದಿನಾಲ್ಕು ವರ್ಷದಿಂದ ಪಕ್ಕದಲ್ಲೇ ಇದ್ದರೂ ಅವಳ ಬಾಯಿಂದ ನಾಲ್ಕು ಮಾತು ನೆಟ್ಟಗೆ ಕೇಳಿದ್ದಿಲ್ಲ. ಮನಸ್ಸಿನೊಳಗೆ ನಾನು ಅವಳಿಗೆ ಗುಮ್ಮನಗುಸಕಿ ಎಂದೇ ಹೆಸರಿಟ್ಟಿದ್ದೆ. ಮಾತಾಡದವರ ಹೊಟ್ಟೆಯಲ್ಲಿ ಏನಿರುತ್ತದೋ ಯಾರು ಬಲ್ಲರು. ಮಾತಾಡುವವರ ಹೊಟ್ಟೆಯಲ್ಲಿ ಇರುವುದೂ ನನಗೆ ಗೊತ್ತಾಗುತ್ತಿರಲಿಲ್ಲ, ಅದು ಬೇರೆ ವಿಷಯ.

ಒಂದು ದಿನ ಕಡ್ಡಿ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಅವಳ ಮೇಜಿನಡಿ, ಕಾಲಿನ ಹಿಂದೆ, ಮುಚ್ಚಳವಿಲ್ಲದ ಡಬ್ಬವೊಂದು ಕಂಡಿತು. ಅದರೊಳಗೆ ಬಟ್ಟಲುಗಳಿದ್ದವು. ಎಲ್ಲವನ್ನೂ ಬೋರಲು ಹಾಕಿದ್ದರಿಂದ ಬುಡದ ಮೊಹರು ಕಾಣುತ್ತಿತ್ತು. ಮೂರು, ಮೂರು, ಮೂರು. ಎಣಿಸಿದೆ, ಹನ್ನೊಂದಿದ್ದವು.  ಮೇಲೆ ಎದ್ದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಕಡ್ಡಿಯ ಧೂಳು ಒರೆಸಿ ಏನೂ ಕಾಣದವಳಂತೆ ಮುಂದಿನ ಬಟ್ಟಲು ಎತ್ತಿಕೊಂಡೆ. ಅಂದಿನಿಂದ ನನಗೆ ಅನುಮಾನವೇ ಉಳಿಯಲಿಲ್ಲ. ಅವಳು ನನ್ನ ತಪ್ಪುಗಳನ್ನು ಕೂಡಿಡುತ್ತಿದ್ದಾಳೆ, ಡಬ್ಬ ತುಂಬಿದ ದಿನ ಮೇಲ್ವಿಚಾರಕನ ಮೇಜಿನ ಮೇಲೆ ಸುರಿಯುತ್ತಾಳೆ, ಮರುದಿನ ನನ್ನ ಕುರ್ಚಿಯಲ್ಲಿ ಕೂರುತ್ತಾಳೆ.

ಆದರೆ ಅವಳಿಗಿಂತ ಮೊದಲೇ ಬೇರೆಯವರು ಸುರಿದರು. ಯಾವುದೋ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸೂಪು ಬಡಿಸುವಾಗ ಬಟ್ಟಲು ಕೈಯಲ್ಲೇ ಎರಡು ಹೋಳಾಗಿ, ಅಡುಗೆಯವನ ಅಂಗೈ ಸುಟ್ಟಿತಂತೆ. ಮೇಲ್ವಿಚಾರಕ ಹೋಳುಗಳನ್ನು ತಂದು ನನ್ನ ಮುಂದಿಟ್ಟ. ಬುಡದಲ್ಲಿ ಮೂರು ಅಚ್ಚುಕಟ್ಟಾಗಿ ಮೂಡಿತ್ತು. ಕೂಗಾಡಿದ್ದರೆ ನಾನೂ ಎದುರು ಕೂಗಾಡುತ್ತಿದ್ದೆ. ಅವನು ಕೂಗಾಡಲಿಲ್ಲ. ಇನ್ನೊಂದು ಹೀಗೆ ಬಂದರೆ ಕಡ್ಡಿ ಕೆಳಗಿಡಬೇಕಾಗುತ್ತದೆ, ಗೋದಾಮಿನಲ್ಲಿ ಚೀಟಿ ಅಂಟಿಸುವ ಕೆಲಸ ಖಾಲಿ ಇದೆ ಎಂದಷ್ಟೇ ಹೇಳಿ ಹೋದ. ಆ ಹೋಳನ್ನು ನೋಡುತ್ತ ನನಗೆ ಗೋದಾಮಿಗಿಂತ ಆ ಅಂಗೈಯೇ ಹೆಚ್ಚು ನೆನಪಾಯಿತು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ನಮ್ಮ ಬೀದಿಯಲ್ಲೇ ಕಿವಿ ಪರೀಕ್ಷೆ ಮಾಡುವವರಿದ್ದಾರೆ. ನಾನು ಎರಡು ಬಸ್ಸು ಬದಲಿಸಿ ದೂರದ ಬಡಾವಣೆಗೆ ಹೋದೆ. ಅಲ್ಲಿನ ಪರೀಕ್ಷಕ ಕನ್ನಡಕದ ಯುವಕ. ತುಂಬ ವಿನಯವಂತ. ವಿನಯ ಹೆಚ್ಚಾದವರನ್ನು ಕಂಡರೆ ನಾನು ಚೀಲವನ್ನು ಮಡಿಲಿಗೆಳೆದುಕೊಳ್ಳುತ್ತೇನೆ. ಅವನು ಒಂದು ಹಾಳೆ ಕೊಟ್ಟು ತುಂಬಿಸಲು ಹೇಳಿದ. ಎಲ್ಲಿ ಕೇಳಲು ಕಷ್ಟ, ಏನು ಕೇಳಬೇಕು, ಏನು ಉದ್ಯೋಗ ಎಂಬ ಪ್ರಶ್ನೆಗಳಿದ್ದವು. ಇವನಿಗೆ ಯಾಕೆ ನನ್ನ ಉದ್ಯೋಗ? ಈ ಹಾಳೆ ಇಲ್ಲಿಂದ ಎಲ್ಲಿಗೆ ಹೋಗುತ್ತದೋ, ನಮ್ಮ ಮೇಲ್ವಿಚಾರಕನ ಭಾವಮೈದ ಇಲ್ಲೇ ಎಲ್ಲೋ ಇರಬಹುದು. ‘ಉದ್ಯೋಗವಿಲ್ಲ, ಮನೆಯಲ್ಲೇ ಇರುತ್ತೇನೆ, ಮನೆಯವರ ಮಾತು ಕೇಳಿಸಿದರೆ ಸಾಕು’ ಎಂದು ಬರೆದು ಮಡಚಿ ಕೊಟ್ಟೆ.

ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದ. ಸದ್ದು ಬಂದಾಗಲೂ ಒತ್ತಿದೆ, ಬಾರದಾಗಲೂ ನಡುನಡುವೆ ಒತ್ತಿದೆ. ಅವನು ಗಾಜಿನಾಚೆಯಿಂದ ನಕ್ಕು, ತಾನು ಸದ್ದು ನಿಲ್ಲಿಸಿ ಎರಡು ನಿಮಿಷವಾಯಿತು ಎಂದು ಸನ್ನೆ ಮಾಡಿದ. ಮುಖ ಹುಳ್ಳಗಾಯಿತು. ಮತ್ತೆ ಮೊದಲಿನಿಂದ ಮಾಡಿದೆವು. ದಪ್ಪ ಸದ್ದುಗಳು ನನಗೆ ಚೆನ್ನಾಗಿಯೇ ಕೇಳುತ್ತವಂತೆ, ತೆಳು ಸದ್ದುಗಳು, ಚೂಪಾದವು, ಅರ್ಧಕ್ಕರ್ಧ ಹೋಗಿವೆಯಂತೆ. ಹೆಂಗಸರ ದನಿ ಅದರಲ್ಲೇ ಬರುತ್ತದೆ ಎಂದ. ಬಟ್ಟಲಿನ ದನಿಯೂ ಅದರಲ್ಲೇ ಎಂದು ನಾನು ಹೇಳಲಿಲ್ಲ.

ಮೇಜಿನ ಮೇಲೆ ಯಂತ್ರಗಳನ್ನು ಹರವಿದ. ಒಂದು ಕಿವಿಯ ಹಿಂದೆ ಕೂರುವ ದೊಡ್ಡದು, ಒಂದು ಅದರ ತಮ್ಮನಂಥದು, ಇನ್ನೊಂದು ಕಡಲೆಕಾಳಿನಷ್ಟಿದ್ದು ಕಿವಿಯೊಳಗೇ ಮಾಯವಾಗುವಂಥದು. ಯಾವುದು ಯಾರಿಗೆ ಎಂದು ಅವನು ವಿವರವಾಗಿ ಹೇಳುತ್ತಿದ್ದ. ನನ್ನ ಕಣ್ಣು ಕಡಲೆಕಾಳಿನ ಮೇಲೆಯೇ ಇತ್ತು. ಕಾಣದಿದ್ದರೆ ಕಾರ್ಖಾನೆಗೆ ಗೊತ್ತಾಗುವುದಿಲ್ಲ, ಮನೆಯಲ್ಲಿ ನನ್ನ ಬೆನ್ನ ಹಿಂದೆ ಏನು ಮಾತಾಡುತ್ತಾರೆಂಬುದೂ ಗೊತ್ತಾಗುತ್ತದೆ. ಒಂದೇ ಕಾಳು, ಎರಡು ಕೆಲಸ.

“ಮನೇಲಿರೋರಿಗೆ ಪಾತ್ರೆ ಸದ್ದೇ ದೊಡ್ಡ ಕಾಟ. ಅದನ್ನ ಇದು ತಾನೇ ತಗ್ಗಿಸುತ್ತೆ,” ಎಂದ ಅವನು.

ಒಳ್ಳೆಯದಾಯಿತು ಎಂದು ತಲೆಯಾಡಿಸಿದೆ. ಹೊಗಳಿ ಹೊಗಳಿ ದುಬಾರಿಯದನ್ನು ತಲೆಗೆ ಕಟ್ಟುತ್ತಿದ್ದಾನೆ ಎಂದು ಅವನ ಮುಖ ನೋಡುತ್ತಿದ್ದೆನೇ ಹೊರತು ಮಾತಿಗೆ ಗಮನ ಕೊಟ್ಟಿರಲಿಲ್ಲ. ಒಂದು ತಿಂಗಳು ಹಾಕಿ ನೋಡಿ, ಹೊಂದದಿದ್ದರೆ ಬದಲಿಸೋಣ ಎಂದ. ಅದನ್ನು ಮಾತ್ರ ಬರೆಸಿಕೊಂಡೆ.

ಮನೆಯಲ್ಲಿ ಕಾಳು ಚೆನ್ನಾಗಿ ಕೆಲಸ ಮಾಡಿತು. ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು, ಕಣ್ಣು ಮುಚ್ಚಿ, ಹಜಾರದ ಕುರ್ಚಿಯಲ್ಲಿ ಒರಗಿದೆ. ಅಡುಗೆಮನೆಯಲ್ಲಿ ಮಗ, ಸೊಸೆ ಮಾತಾಡುವ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ಎರಡು ವರ್ಷ ಕಾದಿದ್ದೆ. ಮುಕ್ಕಾಲು ಗಂಟೆ ಅವರು ಸೋರುವ ನಲ್ಲಿಯ ಬಗ್ಗೆ ಮಾತಾಡಿದರು. ನಲ್ಲಿಯಾದ ಮೇಲೆ ಪರದೆಯ ಬಟ್ಟೆಯ ಬಗ್ಗೆ. ನನ್ನ ಹೆಸರು ಬಂದದ್ದು ಒಂದೇ ಸಲ, ಅದೂ ನನಗೆ ಕಾಲುಚೀಲ ತರಬೇಕೆಂದು. ಇಷ್ಟು ಸಪ್ಪೆ ಸಂಸಾರದ ಮೇಲೆ ಇಷ್ಟು ಅನುಮಾನ ಖರ್ಚು ಮಾಡಿದೆನಲ್ಲ ಎಂದು ನನಗೇ ಬೇಜಾರಾಯಿತು.

ಮರುದಿನ ಕಾರ್ಖಾನೆಗೆ ಹುರುಪಿನಿಂದ ಹೋದೆ. ಮೊದಲ ಬಟ್ಟಲು ಕುಟ್ಟಿದೆ. ತಟ್. ಎರಡನೆಯದು, ತಟ್. ಹತ್ತನೆಯದೂ ತಟ್. ಒಂದೂ ಹಾಡಲಿಲ್ಲ, ಒಂದೂ ಸಾಯಲಿಲ್ಲ. ಹಲಗೆಯ ಮೇಲೆ ಬೆರಳು ಬಡಿದಂತೆ ಎಲ್ಲವೂ ಒಂದೇ ಸದ್ದು. ಯಾರೋ ಕಡ್ಡಿ ಬದಲಿಸಿದ್ದಾರೆ ಎಂದುಕೊಂಡು ತಿರುಗಿಸಿ ನೋಡಿದೆ. ನನ್ನ ಹೆಬ್ಬೆರಳಿನಿಂದ ಸವೆದ ಹಳ್ಳ ಅಲ್ಲೇ ಇತ್ತು. ಮಣ್ಣು ಬದಲಿಸಿರಬೇಕು ಎಂದುಕೊಂಡೆ. ಮೇಲ್ವಿಚಾರಕ ನನ್ನನ್ನು ಸಿಕ್ಕಿಹಾಕಿಸಲು ಒಡಕು ಬಟ್ಟಲುಗಳನ್ನೇ ಕಳಿಸುತ್ತಿರಬೇಕು ಎಂದುಕೊಂಡೆ. ಕಾಳು ತೆಗೆದು ಜೇಬಿಗೆ ಹಾಕಿದರೆ ಹತ್ತಿ ತುರುಕಿದಂಥ ಹಳೆಯ ಕಿವಿಯೇ ಗತಿ. ಪಕ್ಕದ ಮೇಜಿನಿಂದ ಅವಳು ನೋಡುತ್ತಿದ್ದಳು. ಆ ಅಡುಗೆಯವನ ಅಂಗೈ ನೆನೆದು, ಸಂಜೆಯವರೆಗೆ ಅರ್ಧ ಬಟ್ಟಲುಗಳನ್ನು ಹಿಂದಿನ ತೊಟ್ಟಿಗೆ ಹಾಕಿದೆ. ಅದರಲ್ಲಿ ಎಷ್ಟು ಗಟ್ಟಿಯವೋ, ಪಾಸು ಮಾಡಿದ್ದರಲ್ಲಿ ಎಷ್ಟು ಒಡಕೋ, ಯಾವ ದೇವರಿಗೂ ಗೊತ್ತಿರಲಿಲ್ಲ.

ಪರೀಕ್ಷಕನ ಮುಂದೆ ಕಾಳನ್ನು ಇಟ್ಟು, ನೀನು ನನಗೆ ಮೋಸ ಮಾಡಿದೆ ಎಂದೆ. ಏನು ಕೇಳಿಸುತ್ತಿಲ್ಲ ಎಂದು ಅವನು ಕೇಳಿದ. ಬಟ್ಟಲಿನ ಸದ್ದು ಎಂದೆ. ಅವನು ಸಮಾಧಾನದಿಂದ ನಕ್ಕ. ಆ ಸದ್ದು ಕೇಳಿಸಬಾರದೆಂದೇ ಇದನ್ನು ಮಾಡಿರುವುದು ಎಂದ.

 ಹಾಳೆಯಲ್ಲಿ ಬರೆದದ್ದು ಸುಳ್ಳು ಎಂದು ಒಪ್ಪದೆ ದಾರಿ ಇರಲಿಲ್ಲ. “ನನ್ನ ಅನ್ನ ಇರೋದೇ ಆ ಸದ್ದಲ್ಲಿ,” ಎಂದು ಎಲ್ಲವನ್ನೂ ಹೇಳಿದೆ.

ಅವನ ವಿನಯ ಸ್ವಲ್ಪ ಕಡಿಮೆಯಾಯಿತು. ಅದರಿಂದ ನನಗೆ ಅವನ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿಯಾಯಿತು. ಈ ಯಂತ್ರಗಳು ಮಾತನ್ನು ಎತ್ತಿಕೊಡಲು ಹುಟ್ಟಿದವು, ಥಟ್ಟನೆ ಬರುವ ಚೂಪು ಸದ್ದನ್ನು ಪಾತ್ರೆಯ ಗಲಾಟೆ ಎಂದು ಅದುಮುತ್ತವೆ, ಎಳೆದು ನಿಲ್ಲುವ ತೆಳು ದನಿಯನ್ನು ತಮ್ಮದೇ ಶಿಳ್ಳೆ ಎಂದು ತಪ್ಪು ತಿಳಿದು ಕತ್ತರಿಸುತ್ತವೆ ಎಂದು ವಿವರಿಸಿದ. ಅಂದರೆ ಬಟ್ಟಲಿನ ತಲೆಯನ್ನೂ ಬಾಲವನ್ನೂ ಕತ್ತರಿಸಿ ನಡುವಿನ ತಟ್ ಅನ್ನು ಮಾತ್ರ ನನಗೆ ಕೊಟ್ಟಿತ್ತು. ಕಿವಿಯ ಹಿಂದೆ ಕೂರುವ ದೊಡ್ಡದರಲ್ಲಿ ಈ ಅದುಮುವುದು, ಕತ್ತರಿಸುವುದು ಎರಡನ್ನೂ ನಿಲ್ಲಿಸಿಬಿಡುವ ಬೇರೆಯೇ ಜೋಡಣೆ ಮಾಡಬಹುದು, ಕೆಲಸದ ಹೊತ್ತಿಗೆ ಒಂದು ಗುಂಡಿ, ಮನೆಗೆ ಒಂದು. ಆದರೆ ಅದು ಎಲ್ಲರಿಗೂ ಕಾಣುತ್ತದೆ, ಒಮ್ಮೊಮ್ಮೆ ಶಿಳ್ಳೆಯೂ ಹೊಡೆಯುತ್ತದೆ ಎಂದ. ಜೋಡಣೆ ಸರಿ ಬಂತೋ ಇಲ್ಲವೋ ನೋಡಲು ಎರಡು ಬಟ್ಟಲು ಬೇಕು. ಒಂದು ಗಟ್ಟಿ, ಒಂದು ಒಡಕು, ಎರಡೂ ಸಂಶಯವಿಲ್ಲದಂತೆ ಗೊತ್ತಿರಬೇಕು. ಅದಕ್ಕೇನು, ತರುತ್ತೇನೆ ಎಂದು ಎದ್ದು ಬಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಹೊಳೆಯಿತು. ಇಪ್ಪತ್ತಾರು ವರ್ಷ ಬಟ್ಟಲು ಕುಟ್ಟಿದವಳಿಗೆ, ಇದು ಖಂಡಿತ ಒಡಕು ಎಂದು ಹೇಳಬಲ್ಲ ಒಂದೇ ಒಂದು ಬಟ್ಟಲು ಗೊತ್ತಿರಲಿಲ್ಲ. ಗೊತ್ತಿದ್ದರೆ ಯಂತ್ರ ಯಾಕೆ ಬೇಕಿತ್ತು? ನನ್ನ ಕಿವಿಯನ್ನು ಪರೀಕ್ಷಿಸಲು ಇನ್ನೊಬ್ಬರ ಕಿವಿ ಬೇಕು. ಮನೆಗೆ ಹೋಗಿ, ಹಿಂದೆ ಕಾರ್ಖಾನೆಯ ತೊಟ್ಟಿಯಿಂದ ತಂದಿಟ್ಟಿದ್ದ ಎರಡು ಬಟ್ಟಲನ್ನು ಸೊಸೆಯ ಮುಂದೆ ಕುಟ್ಟಿದೆ. ಎರಡೂ ಚೆನ್ನಾಗಿವೆ ಅತ್ತೆ, ಬಣ್ಣ ಯಾವುದಕ್ಕೂ ಹೊಂದುತ್ತದೆ ಎಂದಳು. ಆಚೆ ಶೆಡ್ಡಿನವರನ್ನು ಕೇಳಿದರೆ ಸುದ್ದಿ ನನಗಿಂತ ಮೊದಲು ಮೇಲ್ವಿಚಾರಕನನ್ನು ತಲುಪುತ್ತಿತ್ತು. ಉಳಿದವಳು ಒಬ್ಬಳೇ. ಅವಳು ಬಟ್ಟಲುಗಳನ್ನು ಒಂದರೊಳಗೊಂದು ಇಳಿಸುವಾಗ ಬೆರಳ ಗಂಟಿನಿಂದ ಮುಟ್ಟಿ ನೋಡುವುದನ್ನು ಕಂಡಿದ್ದೆ. ಆ ಡಬ್ಬದಲ್ಲಿ ಇಟ್ಟದ್ದೆಲ್ಲ ಒಡಕು ಎಂದು ಅವಳಿಗೆ ಗೊತ್ತಿತ್ತು. ಯಾರ ಕಿವಿಗೆ ನಾನು ಹೆದರುತ್ತಿದ್ದೆನೋ ಆ ಕಿವಿಯ ಮುಂದೆಯೇ ಕೈ ಚಾಚಬೇಕಾಯಿತು. 

ಮಧ್ಯಾಹ್ನದ ಬಿಡುವಿನಲ್ಲಿ ಕೈತೊಳೆಯುವ ಜಾಗದಲ್ಲಿ ಅವಳನ್ನು ಹಿಡಿದೆ. ಯಾವ ಪೀಠಿಕೆಯೂ ಹಾಕಲಿಲ್ಲ.

“ನಂಗೊಂದು ಗಟ್ಟಿ ಬಟ್ಟಲು, ಒಂದು ಒಡಕಿನದು ಬೇಕು. ನೀನೇ ಆರಿಸಿಕೊಡ್ಬೇಕು.”

ಅವಳು ಯಾಕೆ ಎಂದು ಕೇಳಲಿಲ್ಲ. ನನ್ನ ಕಿವಿಯನ್ನು ಒಮ್ಮೆ ನೋಡಿದಳು, ಕೈ ಒರೆಸಿಕೊಂಡಳು, ಒಳಗೆ ಹೋಗಿ ಹಳೆಯ ಪತ್ರಿಕೆಯಲ್ಲಿ ಬೇರೆಬೇರೆಯಾಗಿ ಸುತ್ತಿದ ಎರಡು ಬಟ್ಟಲು ತಂದು ಕೊಟ್ಟಳು. ಗಟ್ಟಿಯದು ಯಾವುದು ಎಂದೆ.

“ಅದನ್ನ ನೀವೇ ಹೇಳ್ಬೇಕಲ್ವಾ,” ಎಂದಳು.

ಗುಮ್ಮನಗುಸಕಿ ಎಂದು ಒಳಗೇ ಬೈದುಕೊಂಡು ಚೀಲಕ್ಕೆ ಹಾಕಿಕೊಂಡೆ.

ಪರೀಕ್ಷಕ ದೊಡ್ಡ ಯಂತ್ರವನ್ನು ಕಿವಿಯ ಹಿಂದೆ ಕೂರಿಸಿ, ಗಣಕಯಂತ್ರದಲ್ಲಿ ಏನೇನೋ ಒತ್ತಿ, ಈಗ ಕುಟ್ಟಿ ಎಂದ. ನನ್ನ ಕಡ್ಡಿಯನ್ನೇ ಒಯ್ದಿದ್ದೆ. ಮೊದಲ ಬಟ್ಟಲು ಠಪ್ ಎಂದಿತು. ಒಡಕು ಇದೇ ಎಂದು ಖುಷಿಯಾಯಿತು. ಎರಡನೆಯದನ್ನು ಕುಟ್ಟಿದೆ. ಅದೂ ಠಪ್. ಅವನು ಜೋಡಣೆ ಬದಲಿಸಿದ. ಠಪ್, ಠಪ್. ಇನ್ನೊಮ್ಮೆ ಬದಲಿಸಿದ, ಇನ್ನೊಮ್ಮೆ ಅದೇ. ಅವನೇ ಕುಟ್ಟಿ ನೋಡಿ, ತನಗೇನೂ ತಿಳಿಯುವುದಿಲ್ಲ ಎಂದು ಒಪ್ಪಿಕೊಂಡ. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ಒಂದು ಚೂರೂ ವ್ಯತ್ಯಾಸವಿಲ್ಲವೇ, ಯೋಚಿಸಿ ಹೇಳಿ ಎಂದ.

ಯೋಚಿಸಿದರೆ ವ್ಯತ್ಯಾಸ ಹುಟ್ಟತೊಡಗಿತು. ಎರಡನೆಯದು ಕೂದಲೆಳೆಯಷ್ಟು ಉದ್ದ ಎಳೆಯುತ್ತಿದೆಯೇನೋ ಅನ್ನಿಸಿತು. ಗಟ್ಟಿ ಬಟ್ಟಲು ಇದು ಎಂದು ಬೆರಳು ತೋರಿಸಿದರೆ ಅವನಿಗೂ ಬಿಡುಗಡೆ, ನನಗೂ ಬಿಡುಗಡೆ. ಸರಿಯಾಗುವ ಸಾಧ್ಯತೆಯೂ ಅರ್ಧಕ್ಕರ್ಧ ಇತ್ತು. ಇಷ್ಟು ದಿನ ಕಾರ್ಖಾನೆಯಲ್ಲಿ ನಾನು ಮಾಡುತ್ತಿದ್ದದ್ದು ಇದನ್ನೇ ಎಂದು ಆಗ ತಿಳಿಯಿತು. 

ಅವನ ಮೇಜಿನ ತುದಿಯಲ್ಲಿ ಟೀ ಕುಡಿದಿಟ್ಟ ಕಪ್ಪೊಂದಿತ್ತು. ಬಿಳಿಯದು, ನಮ್ಮ ಕಾರ್ಖಾನೆಯದಲ್ಲ. ಕೇಳದೆಯೇ ಎತ್ತಿಕೊಂಡೆ, ತಳದ ಹನಿಯನ್ನು ಕಸದ ಬುಟ್ಟಿಗೆ ಚೆಲ್ಲಿ, ಮೂರು ಬೆರಳ ಮೇಲೆ ಕೂರಿಸಿ, ಅಂಚಿಗೆ ಕಡ್ಡಿ ತಾಗಿಸಿದೆ.

ಠಣ್ ಎಂದಿತು. ಆ ಸದ್ದು ಅಲ್ಲಿಗೇ ನಿಲ್ಲಲಿಲ್ಲ, ಕೋಣೆಯ ಆ ಗೋಡೆಯವರೆಗೂ ಹೋಗಿ, ತೆಳುವಾಗಿ, ಇನ್ನೂ ತೆಳುವಾಗಿ, ಮುಗಿಯಿತೆಂದುಕೊಂಡ ಮೇಲೂ ಸ್ವಲ್ಪ ಹೊತ್ತು ಉಳಿಯಿತು. ಎಷ್ಟು ವರ್ಷವಾಗಿತ್ತೋ ನಾನದನ್ನು ಕೇಳಿ. ಕಣ್ಣಲ್ಲಿ ನೀರು ಬಂತು. ಕಪ್ಪು ಹಾಳಾಯಿತೇ ಎಂದು ಅವನು ಗಾಬರಿಯಿಂದ ಕೇಳಿದ. ಕಪ್ಪು ಗಟ್ಟಿ ಇದೆ, ಯಂತ್ರ ಸರಿ ಇದೆ, ಎರಡು ಬಟ್ಟಲೂ ಒಡಕು ಎಂದೆ. ಒಂದು ಗಟ್ಟಿಯದೆಂದು ನೀವೇ ಹೇಳಿದಿರಲ್ಲ ಎಂದ. ಕೇಳಿದ್ದು ನಾನು, ಕೊಟ್ಟವಳು ಹಾಗೆಂದು ಹೇಳಿಯೇ ಇರಲಿಲ್ಲ.

ಬಸ್ಸಿನಲ್ಲಿ ಸಂತೋಷವೆಲ್ಲ ಸಿಟ್ಟಾಗಿ ಕುದಿಯಿತು. ಎರಡೂ ಒಡಕು ಕೊಟ್ಟಿದ್ದಾಳೆ, ಒಳ್ಳೆಯ ಯಂತ್ರವನ್ನು ನಾನು ಕೆಟ್ಟದ್ದೆಂದು ಬಿಸಾಡಲಿ, ಕಿವುಡಿಯಾಗಿಯೇ ಉಳಿಯಲಿ, ಕುರ್ಚಿ ಖಾಲಿಯಾಗಲಿ ಎಂದು. ಮರುದಿನ ಬೆಳಿಗ್ಗೆ ಕೂದಲನ್ನು ಎತ್ತಿ ಗಂಟು ಹಾಕಿದೆ. ಯಂತ್ರ ಕಿವಿಯ ಹಿಂದೆ ಜೀರುಂಡೆಯಂತೆ ಕೂತಿತ್ತು. ನೋಡುವವರು ನೋಡಲಿ ಎಂದು ಶೆಡ್ಡಿನ ನಡುವೆಯೇ ನಡೆದುಹೋಗಿ ಎರಡು ಬಟ್ಟಲುಗಳನ್ನು ಅವಳ ಮೇಜಿನ ಮೇಲಿಟ್ಟೆ.

“ಎರಡೂ ಒಡೆದಿವೆ,” ಎಂದೆ.

“ಖಂಡಿತಾನಾ?”

“ಖಂಡಿತ.”

ಅವಳು ಒಂದು ಉಸಿರು ಬಿಟ್ಟಳು. ಆ ಉಸಿರೂ ನನಗೆ ಕೇಳಿಸಿತು. “ಒಂದು ಒಳ್ಳೇದು ಒಂದು ಕೆಟ್ಟದ್ದು ಕೊಟ್ಟಿದ್ರೆ ನೀವು ಊಹೆ ಮೇಲೂ ಸರಿ ಹೇಳ್ಬಹುದಿತ್ತು. ಇವತ್ತು ಇದರಲ್ಲಿ ಯಾವುದನ್ನಾದ್ರೂ ಗಟ್ಟಿ ಅಂದಿದ್ರೆ ಡಬ್ಬ ತಗೊಂಡು ನೇರ ಮೇಲ್ವಿಚಾರಕರ ಹತ್ರ ಹೋಗ್ತಿದ್ದೆ.”

ಅವಳು ಕಾಲಿನಿಂದ ಡಬ್ಬವನ್ನು ಹೊರಗೆಳೆದಳು. ಹನ್ನೊಂದಲ್ಲ, ಮೂವತ್ತಕ್ಕೂ ಮೇಲಿದ್ದವು. ಎಲ್ಲ ನಾನು ಪಾಸು ಮಾಡಿದವು, ಅವಳು ಹೊರಗೆ ಹೋಗಲು ಬಿಡದವು. ಹಾಗಾದರೆ ಆ ಕ್ಯಾಂಟೀನಿನದು ಹೇಗೆ ಹೋಯಿತು ಎಂದು ಕೇಳಿದೆ. ಜ್ವರ ಬಂದು ಎರಡು ದಿನ ರಜೆ ಹಾಕಿದ್ದೆ ಎಂದಳು. ಅದನ್ನು ಹೇಳುವಾಗ ಅವಳು ತಲೆ ಎತ್ತಲಿಲ್ಲ. ತಪ್ಪು ನನ್ನದು, ನಾಚಿಕೆ ಅವಳಿಗೆ. ಹೇಳಬಾರದಿತ್ತೇ ನನಗೆ ಎಂದರೆ, ಹೇಳಿದ್ದರೆ ನಂಬುತ್ತಿದ್ದಿರಾ ಎಂದು ಮರುಪ್ರಶ್ನೆ ಹಾಕಿದಳು.  ಸೊಸೆಯನ್ನೇ ಎರಡು ವರ್ಷ ನಂಬದವಳು ನಾನು.

ಡಬ್ಬದ ಬಟ್ಟಲುಗಳನ್ನು ಒಂದೊಂದಾಗಿ ಕುಟ್ಟಿದೆ. ಠಪ್, ಠಪ್, ಠಪ್. ಇಪ್ಪತ್ತೊಂದನೆಯದು ಠಣ್ ಎಂದಿತು. ಅವಳ ಮುಖ ನೋಡಿದೆ. ಅದನ್ನೂ ಅವಳೇ ಬೇಕೆಂದು ಸೇರಿಸಿದ್ದಳು. ಏನೂ ಆಗದವಳಂತೆ ಕೈ ಚಾಚಿ ಅದನ್ನು ತೆಗೆದುಕೊಂಡು ಕಾಗದದಲ್ಲಿ ಸುತ್ತಿದಳು. ನನ್ನಷ್ಟು ಅನುಮಾನದ ಪ್ರಾಣಿ ಈ ಲೋಕದಲ್ಲಿ ಇನ್ನೊಂದಿದೆ, ಅದು ನನ್ನ ಪಕ್ಕದಲ್ಲೇ ಹದಿನಾಲ್ಕು ವರ್ಷ ಕೂತಿತ್ತು.

ಉಳಿದ ಒಡಕುಗಳ ಡಬ್ಬವನ್ನು ಆ ಕಡೆಯಿಂದ ಅವಳು, ಈ ಕಡೆಯಿಂದ ನಾನು ಹಿಡಿದುಕೊಂಡು ಮೇಲ್ವಿಚಾರಕನ ಕೋಣೆಗೆ ಒಯ್ದೆವು. ನಾನೇ ಎಲ್ಲ ಹೇಳಿದೆ. ಅವನು ಡಬ್ಬವನ್ನು, ನನ್ನ ಕಿವಿಯನ್ನು, ಅವಳ ಮುಖವನ್ನು ಸರದಿಯಂತೆ ನೋಡಿದ. ಕೊನೆಗೆ ಕಡ್ಡಿ ನನ್ನ ಕೈಯಲ್ಲೇ ಇರಲಿ ಎಂದ, ಆದರೆ ಮೂರು ತಿಂಗಳು ಪ್ರತಿ ಬಟ್ಟಲನ್ನೂ ಅವಳು ಎರಡನೇ ಸಲ ನೋಡಬೇಕು ಎಂದ.

ಆ ಮೂರು ತಿಂಗಳು ಮುಗಿದು ಬಹಳ ದಿನವಾಯಿತು. ಅವಳು ನಿಲ್ಲಿಸಿಲ್ಲ. ನಾನು ಮೊಹರು ಒತ್ತಿ ತಳ್ಳಿದ ಒಂದೊಂದು ಬಟ್ಟಲನ್ನೂ ಬೆರಳ ಗಂಟಿನಿಂದ ಒಮ್ಮೆ ಮೆಲ್ಲಗೆ ಕುಟ್ಟಿಯೇ ಸುತ್ತುತ್ತಾಳೆ. ಮೊದಲು ಅದು ನನಗೆ ಕೇಳಿಸುತ್ತಿರಲಿಲ್ಲ. ಈಗ ಕೇಳಿಸುತ್ತದೆ, ಕೇಳಿಸುವವರೆಗೆ ನಾನು ಮುಂದಿನದನ್ನು ಎತ್ತಿಕೊಳ್ಳುವುದಿಲ್ಲ.